ಅಂಕಿತಾಳ ಖಬರ

ಫಕ್ರುಸಾಬ ಕಡಾಯಿಯಲ್ಲಿ ನೂಲು ಅದ್ದಿ ತಿರುವುತ್ತಿದ್ದಾಗ ಪಾಂಡಪ್ಪ ಬರಿಗಾಲಲ್ಲಿ ಓಡಿಬಂದ. ಬೆಟಗೇರಿಯ ಆ ನೇಕಾರ ಓಣಿಯಲ್ಲಿ ಪಾಂಡಪ್ಪ ಓಡಿದ್ದನ್ನು ಕಂಡವರೇ ಇರಲಿಲ್ಲ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತೇ ಮುಕ್ಕಾಲು ಆಯುಷ್ಯ ಕಳೆದ ಮನುಷ್ಯ ಅವನು. ಮನೆಗೆ ಬೆಂಕಿ ಬಿದ್ದರೂ ಚಪ್ಪಲಿ ಹುಡುಕಿ ಮೆಟ್ಟಿಕೊಂಡೇ ಹೊರಗೆ ಬರುವ ಆಸಾಮಿ ಎಂದು ಹೆಂಡತಿಯೇ ಆಡಿಕೊಳ್ಳುತ್ತಿದ್ದಳು. ಈಗ ಅವನ ಧೋತರದ ಚುಂಗು ನೆಲಕ್ಕೆ ಎಳೆಯುತ್ತಿತ್ತು. ಕೈಯಲ್ಲಿ ಫೋನಿತ್ತು. ಮುಖದ ಮೇಲೆ ಮೂರು ವಾರದಿಂದ ಯಾರೂ ಕಾಣದ ಕಳೆಯಿತ್ತು.

"ಲೇ ಫಕ್ರ್ಯಾ, ಖಬರ ಬಂತಲೇ! ನಮ್ಮ ಅಂಕೀದು ಖಬರ ಬಂತು!"

ಫಕ್ರುಸಾಬ ಕೋಲು ಬಿಟ್ಟು ಎದ್ದ. ಮೊಣಕೈತನಕ ಬಣ್ಣ ಮೆತ್ತಿದ ಕೈಯನ್ನು ಲುಂಗಿಗೆ ಒರೆಸಿಕೊಂಡ. "ಖರೇನೇನೋ? ಎಲ್ಲಿ ಅದಾಳಂತ?" ಎಂದು ಕೇಳಿದ. ಇಬ್ಬರೂ ಒಂದೇ ಓಣಿಯ ಧೂಳಿನಲ್ಲಿ ಗೋಲಿ ಆಡಿ ಬೆಳೆದವರು. ಪಾಂಡಪ್ಪ ನೇಯುವ ನೂಲಿಗೆ ಬಣ್ಣ ಹಾಕುತ್ತಿದ್ದುದು ಫಕ್ರುಸಾಬನೇ, ಅದಕ್ಕೂ ಹಿಂದೆ ಪಾಂಡಪ್ಪನ ಅಪ್ಪನ ನೂಲಿಗೆ ಫಕ್ರುಸಾಬನ ಅಪ್ಪ.

ಅಂಕಿತಾ ಪಾಂಡಪ್ಪನ ಒಬ್ಬಳೇ ಮಗಳು. ಕಾಲು ಕಳೆದುಕೊಂಡವರಿಗೆ ಅಳತೆ ಹಿಡಿದು ಕೃತಕ ಕಾಲು ಮಾಡಿಕೊಡುವ ವಿದ್ಯೆ ಕಲಿತಿದ್ದಳು. ಮೊದಮೊದಲು ಇದೆಂಥ ಓದು ಎಂದು ಓಣಿಯವರಿಗೆ ತಿಳಿಯಲೇ ಇಲ್ಲ. ಡಾಕ್ಟರಲ್ಲ, ನರ್ಸೂ ಅಲ್ಲ, ಕಾಲು ಮಾಡ್ತಾಳಂತ ಎಂದು ನಕ್ಕವರುಂಟು. "ಕಾಲು ಎಳಿಯೋರು ಊರ ತುಂಬ ಅದೀರಿ, ಕಾಲು ಕೊಡಾಕಿ ಒಬ್ಬಾಕಿ ಇರ್ಲಿ ಬಿಡ್ರಿ" ಎಂದು ಅವಳೇ ಅವರ ಬಾಯಿ ಮುಚ್ಚಿಸಿದ್ದಳು. ಮುಂಡರಗಿ ಕಡೆಯ ಮುದುಕನೊಬ್ಬ ಅವಳು ಮಾಡಿದ ಕಾಲು ಕಟ್ಟಿಕೊಂಡು, ಬಸ್ ಸ್ಟ್ಯಾಂಡಿನಿಂದ ನಡೆದೇ ಬಂದು, ಪಾಂಡಪ್ಪನ ಕಟ್ಟೆಯ ಮೇಲೆ ಚಹಾ ಕುಡಿದು ಹೋದ ಮೇಲೆ ನಗುವವರು ನಿಂತರು. ಆಮೇಲೆ ಅಂತರರಾಷ್ಟ್ರೀಯ ಪರಿಹಾರ ಸಂಸ್ಥೆಯೊಂದು ಅವಳನ್ನು ದೂರದ ದೇಶವೊಂದಕ್ಕೆ ಕರೆಯಿತು. ವರ್ಷಗಟ್ಟಲೆ ಕಾಳಗ ನಡೆದು, ಹೊಲಗದ್ದೆಗಳಲ್ಲಿ ಹುಗಿದಿಟ್ಟ ಬಾಂಬು ತುಳಿದು, ಮಕ್ಕಳು ಮುದುಕರೆನ್ನದೆ ಕಾಲು ಕಳೆದುಕೊಳ್ಳುತ್ತಿದ್ದ ದೇಶ ಅದು. ಅದರ ಹೆಸರು ಪಾಂಡಪ್ಪನ ಬಾಯಲ್ಲಿ ದಿನಕ್ಕೊಂದು ತರಹ ಹೊರಳುತ್ತಿತ್ತು. ಕೊನೆಗೆ ಓಣಿಯಲ್ಲೆಲ್ಲ ಅದು "ಅಂಕೀ ಊರು" ಎಂದೇ ಆಯಿತು.

ಮೂರು ವಾರದ ಹಿಂದೆ ಅಂಕೀ ಊರಿನ ಆ ಕಾಲಿನ ದವಾಖಾನೆಗೆ ಉಗ್ರರು ನುಗ್ಗಿದರು. ಅಂದು ಅಲ್ಲಿ ಇದ್ದವರಾದರೂ ಯಾರು? ಅಳತೆ ಕೊಡಲು ಬಂದ ಮಕ್ಕಳು, ಅವರನ್ನು ಬಗಲಲ್ಲಿ ಎತ್ತಿಕೊಂಡು ಬಂದ ತಾಯಂದಿರು, ಹೊಸ ಕಾಲು ಕಟ್ಟಿಕೊಂಡು ಗೋಡೆ ಹಿಡಿದು ನಡೆಯಲು ಕಲಿಯುತ್ತಿದ್ದ ಮುದುಕರು. ಅವರ ಜೊತೆಗೆ, ನಾಲ್ಕಾರು ದೇಶಗಳಿಂದ ತಮ್ಮ ಮನೆಮಠ ಬಿಟ್ಟು ಬಂದಿದ್ದ ಕೆಲಸಗಾರರು. ಒಬ್ಬರ ಕೈಯಲ್ಲೂ ಕತ್ತರಿಗಿಂತ ದೊಡ್ಡ ಆಯುಧ ಇರಲಿಲ್ಲ. ಕಾಲಿಲ್ಲದವರು ಓಡಲಾರರು ಎಂಬುದು ಬಂದೂಕು ಹಿಡಿದು ಬಂದವರಿಗೆ ಚೆನ್ನಾಗಿ ಗೊತ್ತಿತ್ತು. ಇಂಥದ್ದಕ್ಕೆ ಧರ್ಮವೆಂದೋ ಯುದ್ಧವೆಂದೋ ಹೆಸರಿಡುವವನ ನಾಲಿಗೆಗೆ ಹುಳ ಬೀಳಬೇಕು. ಇದು ಕೊಲೆ. ಅದೂ ಹೇಡಿಗಳು ಮಾಡುವ ಕೊಲೆ.

ಟೀವಿಯಲ್ಲಿ ಎರಡು ದಿನ ಆ ಸುದ್ದಿ ಬಂತು, ಆಮೇಲೆ ಕ್ರಿಕೆಟ್ ಬಂತು. ಸಂಸ್ಥೆಯವರು ಫೋನು ಮಾಡಿ, ಸತ್ತವರಲ್ಲಿ ಅಂಕಿತಾ ಸಿಕ್ಕಿಲ್ಲ, ಉಳಿದವರಲ್ಲೂ ಸಿಕ್ಕಿಲ್ಲ, ಆ ಸೀಮೆಯ ದಾರಿಗಳೆಲ್ಲ ಉಗ್ರರ ಕೈಯಲ್ಲಿವೆ, ಹುಡುಕುತ್ತಿದ್ದೇವೆ ಎಂದರು. ಅಂದಿನಿಂದ ಪಾಂಡಪ್ಪನ ಹೆಂಡತಿ ಬನಶಂಕರೆವ್ವ ತಲೆಗೆ ಎಣ್ಣೆ ಹಚ್ಚಿರಲಿಲ್ಲ. ಒಪ್ಪೊತ್ತು ಉಂಡರೆ ಉಂಡಳು, ಇಲ್ಲದಿದ್ದರೆ ಇಲ್ಲ. ಫಕ್ರುಸಾಬನ ಹೆಂಡತಿ ರೋಶನಬಿಯನ್ನು ಕರೆದುಕೊಂಡು ಶಿರಹಟ್ಟಿಯ ಫಕೀರಸ್ವಾಮಿ ಮಠಕ್ಕೆ ಹೋಗಿಬಂದಿದ್ದಳು, ಹಾಗೆಯೇ ಲಕ್ಷ್ಮೇಶ್ವರದ ದೂದಪೀರಾ ದರ್ಗಾಕ್ಕೂ. ಎರಡೂ ಕಡೆ ಬೇಡಿಕೊಂಡದ್ದು ಒಂದೇ ಮಾತು. ಕಣ್ಣಿಗೆ ಕಾಣದಿದ್ದರೂ ಚಿಂತೆಯಿಲ್ಲ, ಎಲ್ಲಿದ್ದಾಳೆಂಬ ಖಬರ ಬರಲಿ.

ಈಗ ಆ ಖಬರ ಬಂದಿತ್ತು. ಪಾಂಡಪ್ಪ ಫೋನನ್ನು ಫಕ್ರುಸಾಬನ ಕಿವಿಗೆ ಒತ್ತಿ ಹಿಡಿದ. "ಕೇಳು. ಆ ಡ್ರೈವರ್ ಮುದುಕ ಅದಾನಲ್ಲ, ನಿಜಾಮುದ್ದೀನ, ಅಂವ ದನಿ ಕಳಿಸ್ಯಾನ."

ನಿಜಾಮುದ್ದೀನನ ಹೆಸರು ಫಕ್ರುಸಾಬನಿಗೂ ಗೊತ್ತು. ಸಂಸ್ಥೆಯ ಗಾಡಿ ಹೊಡೆಯುತ್ತಿದ್ದ ಆ ದೇಶದ ಮುದುಕ. ಹರೆಯದಲ್ಲಿ ದುಬೈಯಲ್ಲಿ ನಮ್ಮ ಕಡೆಯವರ ಜೊತೆ ದುಡಿದು ಹಿಂದೂಸ್ತಾನಿ ಕಲಿತಿದ್ದನಂತೆ. ಅವನ ಮನೆಯ ರೊಟ್ಟಿ ನಮ್ಮ ರೊಟ್ಟಿಗಿಂತ ದೊಡ್ಡದು, ಹೊದ್ದು ಮಲಗಬಹುದು ಎಂದು ಅಂಕಿತಾ ನಗಿಸುತ್ತಿದ್ದಳು.

ಫೋನಿನಲ್ಲಿ ಗಾಳಿ ಭೋರೆನ್ನುತ್ತಿತ್ತು. ಅದರ ನಡುವೆ ಮುದುಕನ ದನಿ ಹರಿದು ಹರಿದು ಬಂತು. "ಭಾಯಿಸಾಬ, ಅಂಕಿತಾ ಬೇಟೀ ಕೀ ಕಬರ್ ಹಮಾರೆ ಗಾಂವ್ ಮೇ ಹೈ. ಮೆಹಫೂಜ್ ಹೈ. ಹಮ್ ಸಬ್ ದೇಖ್ ರಹೇ ಹೈ. ಸುಪುರ್ದೆ-ಖಾಕ್ ಹಮ್ ನೇ ಹೀ ಕಿಯಾ. ಮಾಫ್ ಕರನಾ."

"ತಿಳೀತಿಲ್ಲೋ?" ಪಾಂಡಪ್ಪನಿಗೆ ತಡೆಯಲಾಗಲಿಲ್ಲ. ತಾನೇ ಕನ್ನಡ ಮಾಡಿ ಹೇಳತೊಡಗಿದ. "ಅಂಕೀ ಖಬರ ಅವರ ಊರಾಗ ಐತಂತ. ಮೆಹಫೂಜ್ ಅಂದ್ರ ಏನೂ ಆಗಿಲ್ಲ, ಸುರಕ್ಷಿತ ಅದಾಳಂತ. ಎಲ್ಲಾರೂ ನೋಡ್ಕೊಳ್ಳಾಕತ್ತಾರಂತ. ಖಬರ ಕೊಡಾಕ ತಡಾ ಆತು, ಮಾಫ್ ಮಾಡ್ರಿ ಅಂತಾನ. ನಡುವ ಸುಪುರ್ದ ಅಂತ ಏನೋ ಒಂದಂದ ನೋಡು, ಅದೊಂದು ನನಗ ಹತ್ತಲಿಲ್ಲ. ದವಾಖಾನಿ ಹೆಸರು ಇರಬೇಕು. ನೀ ಒಮ್ಮಿ ಸರಿಯಾಗಿ ಕೇಳಿ ಹೇಳಪಾ, ಮನಿಯಾಗ ಆಕಿ ಕುಂತಾಳ."

ಬೆಟಗೇರಿಯಲ್ಲಿ ಖಬರ ಎಂದರೆ ಸುದ್ದಿ. ಮೈಮೇಲಿನ ಎಚ್ಚರಕ್ಕೂ ಖಬರ ಎನ್ನುವುದುಂಟು. ಆದರೆ ಫಕ್ರುಸಾಬನ ಮನೆಯ ಉರ್ದುವಿನಲ್ಲಿ ಸುದ್ದಿಯೂ ಖಬರ್, ಸತ್ತವರನ್ನು ಹೂತ ಗೋರಿಯೂ ಖಬರ್. ಕಿತಾಬು ಓದಿದವರು ಗೋರಿಗೆ ಗಂಟಲಿನ ಆಳದಿಂದ ಕಬರ್ ಎನ್ನುತ್ತಾರೆ. ಈ ಸೀಮೆಯ ನಾಲಿಗೆ ಅಷ್ಟು ತ್ರಾಸು ತೆಗೆದುಕೊಳ್ಳುವುದಿಲ್ಲ. ಹೂಳುವ ಜಾಗಕ್ಕೆ ಊರಿಗೆ ಊರೇ ಖಬರಸ್ತಾನ ಎನ್ನುತ್ತದೆ. ಹಾಗಾಗಿ ಮೊದಲ ಮಾತು ಕೇಳಿದಾಗ ಫಕ್ರುಸಾಬನೂ ಸುದ್ದಿಯೆಂದೇ ತಿಳಿದು, ಅವನ ಎದೆಯೂ ಒಮ್ಮೆ ಹಗುರಾಯಿತು. ಆಮೇಲೆ ಸುಪುರ್ದೆ-ಖಾಕ್ ಎಂಬುದು ಕಿವಿಗೆ ಬಿತ್ತು. ಅದು ದವಾಖಾನೆಯ ಹೆಸರಲ್ಲ. ಮಣ್ಣಿಗೆ ಒಪ್ಪಿಸುವುದು ಎಂದರ್ಥ. ತನ್ನ ತಂದೆ ತೀರಿಕೊಂಡ ದಿನ ಮೌಲಾನಾರ ಬಾಯಲ್ಲಿ ಆ ಮಾತು ಕೇಳಿದ್ದು ಅವನಿಗೆ ನೆನಪಿತ್ತು.

"ಇನ್ನೊಮ್ಮಿ ಹಚ್ಚು" ಎಂದ. ಪಾಂಡಪ್ಪ ಇನ್ನೊಮ್ಮೆ ಹಚ್ಚಿದ. ಗಾಳಿ, ಮುದುಕನ ದನಿ, ಅದೇ ಮಾತು. ಕಣ್ಣೆತ್ತಿ ನೋಡಿದರೆ ಎದುರಿಗೆ ಪಾಂಡಪ್ಪನ ಮುಖ. ಮದುವೆಯ ಅಕ್ಷತೆ ಕೈಯಲ್ಲಿ ಹಿಡಿದು ಭಟ್ಟರ ಬಾಯಿ ನೋಡುವವರ ಹಾಗೆ ಕಾಯುತ್ತಿತ್ತು.

"ಗಾಳಿ ಭಾಳ ಐತೋ" ಎಂದ ಫಕ್ರುಸಾಬ. "ಸರಿ ಕೇಳಸವಲ್ದು."

"ಗಾಳಿ ಹಾಳಾಗಿ ಹೋಗಲಿ. ಖಬರ್ ಅಂದಿದ್ದು ನಿನಗೂ ಕೇಳಿಸ್ತಿಲ್ಲೋ?"

"ಕೇಳಿಸ್ತು."

"ಮೆಹಫೂಜ್ ಅಂದಿದ್ದು?"

"ಹೂಂ."

"ಮುಗೀತಲ್ಲ! ನಿನ್ನ ಫೋನಿಗೂ ಕಳಿಸೇನಿ, ಸಾವಕಾಶ ಕೇಳು" ಎಂದವನೇ ಪಾಂಡಪ್ಪ ಬಂದ ಹಾಗೆಯೇ ಬರಿಗಾಲಲ್ಲಿ ಓಡಿದ. ಫಕ್ರುಸಾಬ ಅವನ ಹಿಂದೆ ಎರಡು ಹೆಜ್ಜೆ ಹಾಕಿ ನಿಂತ. "ಲೇ ಪಾಂಡ್ಯಾ" ಎಂದು ಕೂಗಲು ಬಾಯಿ ತೆರೆದರೂ ನಾಲಿಗೆ ಹೊರಳಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡದೆ ನುಂಗಿದ ಮಾತಿನ ಗತಿ ಏನು ಎಂಬುದನ್ನು ಯಾವ ಗಾದೆಯೂ ಹೇಳಿಲ್ಲ. ಕಡಾಯಿಯಲ್ಲಿ ಬಿಟ್ಟ ನೂಲು ಕುದ್ದು ಕುದ್ದು ತೇಪೆ ತೇಪೆಯಾಗಿ ಕೆಟ್ಟುಹೋಯಿತು.

ಅರ್ಧ ತಾಸಿನೊಳಗೆ ಓಣಿಯ ತುಂಬ ಸಕ್ಕರೆ ಹಂಚಿಕೆಯಾಯಿತು. ಪಾಂಡಪ್ಪನ ಅಕ್ಕ ಶಿಗ್ಲಿಯಲ್ಲಿದ್ದಳು, ಅವಳಿಗೆ ಫೋನು ಹೋಯಿತು. ಹಿರೇಹಂದಿಗೋಳದ ನೆಂಟರಿಗೂ ಹೋಯಿತು. ಎಲ್ಲರೂ ಬಸ್ಸು ಹತ್ತಿದರಂತೆ. ನೇಕಾರರ ಸಂಘದ ಕಾರ್ಯದರ್ಶಿ ಮನೋಹರ ಅಂದು ಸಂಜೆ ಟಾಂಗಾಕೂಟ ಚೌಕದಲ್ಲಿ ಉಗ್ರರ ದಾಳಿಯನ್ನು ಖಂಡಿಸುವ ಸಭೆ ಇಟ್ಟುಕೊಂಡಿದ್ದ. ಸಭೆ ಬೇಡ, ಹುಡುಗಿ ಸಿಕ್ಕಳು ಎಂದು ಮೈಕಿನವನಿಗೆ ಹೇಳಿ ಕಳಿಸಿದ. ಮೊನ್ನೆಯಷ್ಟೇ ಇದೇ ಮನೋಹರ ಫಕ್ರುಸಾಬನಲ್ಲಿಗೆ ಬಂದು, "ಸಾಬರ, ಸಭಾದಾಗ ನೀವು ಮೊದಲ ಎದ್ದು ನಿಂತು ಖಂಡನಾ ಮಾಡ್ರಿ. ನಿಮ್ಮವರು ಮಾಡಿದ್ರ ಅದಕ್ಕ ಒಂದು ತೂಕ ಬರ್ತೈತಿ" ಎಂದಿದ್ದ. ಫಕ್ರುಸಾಬ ಆಗಲಿ ಎಂದಿದ್ದ. ಖಂಡಿಸಲು ಅವನಿಗೆ ಏನೂ ಅಡ್ಡಿಯಿರಲಿಲ್ಲ. ಒಳಗೆ ಕುದಿಯುತ್ತಿದ್ದುದು ಹೊರಗೆ ಬಂದರೆ ಮನೋಹರನ ಮೈಕು ಸುಟ್ಟುಹೋಗುವಷ್ಟಿತ್ತು. ಆದರೆ ಆ "ನಿಮ್ಮವರು" ಎಂಬ ಮಾತು ಕಾಲಿಗೆ ಚುಚ್ಚಿದ ಜಾಲಿಮುಳ್ಳಿನ ಹಾಗೆ ಒಳಗೇ ಮುರಿದುಕೊಂಡಿತ್ತು. ಯಾರು ನಮ್ಮವರು? ಅಂಕಿತಾ ಹುಟ್ಟಿದಾಗ ರೋಶನಬಿ ಬಾಣಂತಿಗೆ ಬಿಸಿನೀರು ಕಾಯಿಸಿ ಹಾಕಿದವಳು. ಆ ಕೂಸು ಮೊದಲ ಹೆಜ್ಜೆ ಇಟ್ಟಿದ್ದು ಇದೇ ಬಣ್ಣದ ಅಂಗಳದಲ್ಲಿ.

ಮಧ್ಯಾಹ್ನ ಮನೆಗೆ ಬಂದ ಫಕ್ರುಸಾಬ ತಾಟಿನ ಮುಂದೆ ಕೂತ, ಕೈ ತೊಳೆಯಲಿಲ್ಲ. ಗಂಡ ಹೆಂಡತಿಯ ಮಾತುಕತೆ ನಡೆಯುವುದು ಮನೆಯ ಉರ್ದುವಿನಲ್ಲಿ, ಸಂಕಟ ಹೆಚ್ಚಾದಾಗ ಮಾತ್ರ ಕನ್ನಡಕ್ಕೆ ಹೊರಳುವುದು ರೂಢಿ. ಅಂದು ಮೊದಲಿನಿಂದಲೇ ಕನ್ನಡ ಬಂತು.

"ಕೂಸು ಇಲ್ಲ ರೋಶನ್. ಪಾಂಡ್ಯಾ ತಪ್ಪು ಕೇಳಿಸ್ಕೊಂಡಾನ."

ರೋಶನಬಿಯ ಬಾಯಲ್ಲಿ ಆಗಷ್ಟೇ ಹಾಕಿಕೊಂಡ ಪಾಂಡಪ್ಪನ ಮನೆಯ ಸಕ್ಕರೆ ಇತ್ತು. ಅವಳು ಫೋನು ಕಿತ್ತುಕೊಂಡು ದನಿ ಕೇಳಿದಳು. ಕೇಳಿ ಮುಗಿದ ಮೇಲೆ ಬಾಯಲ್ಲಿದ್ದುದನ್ನು ಸೆರಗಿಗೆ ಉಗುಳಿದಳು. ಸ್ವಲ್ಪ ಹೊತ್ತು ಗೋಡೆಗೆ ಹಣೆ ಹಚ್ಚಿ ಅತ್ತಳು. ಆಮೇಲೆ, "ಮುಂಜಾನೆ ತಿಳಿದಿತ್ತು, ಯಾಕ ಹೇಳಲಿಲ್ಲ?" ಎಂದಳು.

"ಹೆಂಗ ಹೇಳಲಿ? ಹೊಡೆದವರ ಹೆಸರು ನಮ್ಮ ಹೆಸರಿನಂಥಾವ ಅದಾವು. ನಿನ್ನ ಮಗಳು ಸತ್ತಾಳ ಅಂತ ಹೇಳೋ ಬಾಯಿನೂ ನಂದ ಆಗಬೇಕೇನು?"

"ಮತ್ತ ಯಾರ್ದು ಆಗಬೇಕು? ಟೀವಿಯವರ್ದಾ?" ಎಂದಳು ರೋಶನಬಿ. "ಮೊದ್ಲು ಆ ಮುದುಕಗ ಫೋನ್ ಹಚ್ಚರಿ. ನಾವೂ ತಪ್ಪು ಕೇಳಿರಬಹುದು. ಅಲ್ಲಾ ಹಂಗ ಮಾಡಲಿ."

ಸಾಯುವವರಿಗೂ ಒಂದು ಗುಟುಕು ಆಸೆ ಇರುತ್ತದೆ. ಫಕ್ರುಸಾಬ ಆ ನಂಬರಿಗೆ ಫೋನು ಹಚ್ಚಿದ. ಎಷ್ಟೋ ಸಲ ಕಡಿದು ಹೋಗಿ ಕೊನೆಗೊಮ್ಮೆ ಹತ್ತಿತು. ಅತ್ತಲಿನಿಂದ ಸಲಾಮು ಬಂತು, ಇತ್ತಲಿನಿಂದ ಹೋಯಿತು. ತಾನು ಅಂಕಿತಾಳ ಕಾಕಾ ಎಂದು ಫಕ್ರುಸಾಬ ಹೇಳಿಕೊಂಡ. ಫಕ್ರು ಕಾಕಾನಾ, ಬಣ್ಣದ ಕಾಕಾನಾ ಎಂದು ಆ ಮುದುಕ ಕೇಳಿದಾಗ ಇವನಿಗೆ ದುಃಖ ಒತ್ತರಿಸಿ ಬಂದು ಮುಂದಿನ ಮಾತು ಕೇಳಲು ಹೊತ್ತು ಹಿಡಿಯಿತು.

ತಪ್ಪು ಕೇಳಿದ್ದು ಪಾಂಡಪ್ಪನೇ. ನಿಜಾಮುದ್ದೀನ ಎಲ್ಲವನ್ನೂ ಹೇಳಿದ. ಗುಂಡಿನ ಸದ್ದು ಕೇಳಿದಾಗ ಅಂಕಿತಾ ಹಿಂದಿನ ಬಾಗಿಲ ಹತ್ತಿರವೇ ಇದ್ದಳು. ಹೊರಗೆ ಗಾಡಿ ಚಾಲೂ ಇಟ್ಟುಕೊಂಡು ತಾನೇ ಕೂಗಿದೆ, ಬಾ ಬೇಟೀ ಎಂದು. ಬಂದಳು, ಬಗಲಲ್ಲಿ ಒಂದು ಹುಡುಗಿಯನ್ನು ತಂದು ಗಾಡಿಯಲ್ಲಿ ಹಾಕಿದಳು, ತಿರುಗಿ ಒಳಗೆ ಹೋದಳು. ಇನ್ನೊಂದನ್ನು ತಂದಳು, ಮತ್ತೆ ಹೋದಳು. ಆಮೇಲೆ ಬರಲಿಲ್ಲ. ಉಗ್ರರು ಹೋದ ಮೇಲೆ ಊರವರು ಒಳಗೆ ಹೊಕ್ಕು ನೋಡಿದರೆ, ಕಾಲಿಲ್ಲದ ಒಬ್ಬ ಹುಡುಗನ ಮೇಲೆ ಬೋರಲು ಬಿದ್ದಿದ್ದಳು. ಆ ಹುಡುಗನೂ ಉಳಿದಿರಲಿಲ್ಲ.

ಮಾತು ಅಲ್ಲಿಗೆ ಮುಗಿಯಲಿಲ್ಲ. ಹೊರಗಿನವರನ್ನು ನಮ್ಮ ನೆಲದಲ್ಲಿ ಹೂಳಬಾರದು, ಬಯಲಿಗೆ ಬಿಸಾಡಿ ಎಂದು ಉಗ್ರರು ಸಾರಿ ಹೋಗಿದ್ದರಂತೆ. ಗಂಡಸರು ಅಂಜಿ ನಿಂತರು. ಆಗ ಊರ ಹೆಂಗಸರು, ಯಾರ ಮಕ್ಕಳಿಗೆ ಅವಳು ಕಾಲು ಮಾಡಿಕೊಟ್ಟಿದ್ದಳೋ ಅವರು, ತಾವೇ ಸಲಿಕೆ ಹಿಡಿದರು. ಆಗ ನಾಚಿಕೆಗೆ ಬಿದ್ದು ತಾವೂ ಕೈ ಹಾಕಿದೆವು ಎಂದ ನಿಜಾಮುದ್ದೀನ. ತಮ್ಮದೇ ಖಬರಸ್ತಾನದಲ್ಲಿ, ತಮ್ಮ ಹೆಣ್ಣುಮಕ್ಕಳ ನಡುವೆ ಜಾಗ ಮಾಡಿದರು. ಆ ಪಾಪಿಗಳು ತಿರುಗಿ ಬಂದು ಅಗೆದು ಹಾಕಿಯಾರೆಂದು ಊರವರು ಪಾಳಿ ಹಚ್ಚಿ ಕಾಯುತ್ತಿದ್ದಾರೆ. ಸುದ್ದಿ ಮುಟ್ಟಿಸಲು ದಾರಿಯಿರಲಿಲ್ಲ, ಫೋನಿನ ಕಂಬಗಳನ್ನೂ ಉರುಳಿಸಿದ್ದರು. ಗುಡ್ಡ ಹತ್ತಿ ನಿಂತು ಈ ಮಾತು ಹೇಳುತ್ತಿದ್ದೇನೆ ಎಂದ. ಅಷ್ಟರಲ್ಲಿ ಫೋನು ಕಡಿದುಹೋಯಿತು.

ಫಕ್ರುಸಾಬ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಇನ್ನು ಹೇಳದೆ ಗತಿಯಿಲ್ಲ. ಆದರೂ ಮನಸ್ಸು ಕಳ್ಳದಾರಿ ಹುಡುಕುತ್ತಿತ್ತು. ಶಿಗ್ಲಿಯ ಅಕ್ಕ ಬರಲಿ, ಅವಳ ಕಿವಿಯಲ್ಲಿ ಹೇಳೋಣ. ಅಥವಾ ಸಂಸ್ಥೆಯವರಿಗೇ ತಿಳಿಸಿದರೆ ಅವರೇ ಹೇಳಿಕೊಳ್ಳುತ್ತಾರೆ. ಇವತ್ತೊಂದು ದಿನ ಆ ತಾಯಿ ಹೊಟ್ಟೆತುಂಬ ಉಣ್ಣಲಿ, ನಾಳೆ ನೋಡಿದರಾಯಿತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರಲ್ಲ, ಹಾಗೆ ಒಂದು ಊಟಕ್ಕೆ ಒಂದು ಸುಳ್ಳು.

ಬಾಗಿಲಲ್ಲಿ ಬನಶಂಕರೆವ್ವ ಬಂದು ನಿಂತಳು. ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದಳು, ಮೂರು ವಾರದ ಉಪವಾಸಕ್ಕೆ ಮೈ ಬಾಗಿದ್ದರೂ ಮುಖದಲ್ಲಿ ನಗುವಿತ್ತು. ಬಗಲಲ್ಲಿ ಬಿಳಿ ನೂಲಿನ ಗಂಟು.

"ಅಣ್ಣಾ, ಈ ನೂಲಿಗೆ ಬಣ್ಣ ಹಾಕಿಕೊಡ್ರಿ. ಬದನಿಕಾಯಿ ಬಣ್ಣ. ಆಕಿಗೆ ಅದ ಸೇರ್ತೈತಿ, ನಿಮಗ ಗೊತ್ತೈತಲ್ಲ. ಆಕಿ ಬರೂದ್ರೊಳಗ ಒಂದು ಸೀರಿ ಇಳಿಸಬೇಕಂತ ಮಾಡೇನಿ. ನಾನ ಮಗ್ಗಕ್ಕ ಕುಂಡ್ರತೇನಿ, ಇವರು ಬ್ಯಾಡ." ಒಳಗೆ ನೋಡಿ ಕೇಳಿದಳು, "ರೋಶನವ್ವ ಎಲ್ಲಿ? ಯಾಕ ಕತ್ತಲಾಗ ಕುಂತೀರಿ?"

ರೋಶನಬಿ ಒಳಗಿನ ಕೋಣೆಯಿಂದ ಹೊರಗೆ ಬರಲಿಲ್ಲ. ಫಕ್ರುಸಾಬ ಗಂಟು ತೆಗೆದುಕೊಳ್ಳಲು ಕೈ ಚಾಚಿ ಹಿಂದಕ್ಕೆಳೆದುಕೊಂಡ. ಈ ನೂಲನ್ನು ಮುಟ್ಟಿದರೆ, ಇದಕ್ಕೆ ಬಣ್ಣ ಹಾಕಿದರೆ, ಇವಳು ಹಗಲೆಲ್ಲ ಕೂತು ಸೀರೆ ನೇಯುತ್ತಾಳೆ. ಆ ಸೀರೆ ಮುಗಿಯುವ ದಿನ ಯಾರು ಹೇಳಬೇಕು? ಅವನ ಮನಸ್ಸಿನ ಕಳ್ಳದಾರಿಗಳೆಲ್ಲ ಮುಚ್ಚಿಹೋದವು.

"ನಡೀ ತಂಗಿ, ಮನಿಗೆ ಹೋಗೂಣು" ಎಂದ. "ಪಾಂಡ್ಯಾನ ಮುಂದ ಒಂದು ಮಾತು ಹೇಳೂದೈತಿ."

ಬನಶಂಕರೆವ್ವ ಅವನ ಮುಖವನ್ನೇ ನೋಡಿದಳು. ದಾರಿಯಲ್ಲಿ ಎದುರಾದವರು "ಚಲೋ ಆತು ನೋಡವ್ವಾ" ಎಂದರೆ ತಲೆಯಾಡಿಸುತ್ತ ನಡೆದಳು, ಗಂಟನ್ನು ಬಗಲಿಂದ ಎದೆಗೆ ತಂದುಕೊಂಡಿದ್ದಳು.

ಮನೆಯಲ್ಲಿ ಜನ ತುಂಬಿತ್ತು. ಶಿಗ್ಲಿಯ ಅಕ್ಕ ಬಂದು ಹೋಳಿಗೆಗೆ ಬೇಳೆ ಇಟ್ಟಿದ್ದಳು. ಮನೋಹರ ಕುರ್ಚಿಯಲ್ಲಿ ಕೂತು ಯಾರಿಗೋ ಫೋನಿನಲ್ಲಿ, ಹುಡುಗಿ ಬಂದ ದಿನ ಸ್ಟೇಷನ್ನಿನಿಂದ ಮೆರವಣಿಗೆ ಎನ್ನುತ್ತಿದ್ದ. ಪಾಂಡಪ್ಪ ನಡುಮನೆಯಲ್ಲಿ ನಿಂತು, ಬಂದವರಿಗೆಲ್ಲ ಆ ದನಿಯನ್ನು ಕೇಳಿಸಿ ಕೇಳಿಸಿ ಕನ್ನಡ ಮಾಡಿ ಹೇಳುತ್ತಿದ್ದ.

"ಬಾರಲೇ ಫಕ್ರ್ಯಾ! ಈಗ ನೀನ ಹೇಳು, ಇವರಿಗೆ ನಾ ಹೇಳಿದ್ದು ನಂಬಿಕಿ ಇಲ್ಲ."

ಫಕ್ರುಸಾಬ ಅವನ ಕೈಯಿಂದ ಫೋನು ತೆಗೆದುಕೊಂಡು ಬಂದ್ ಮಾಡಿದ. "ಪಾಂಡ್ಯಾ, ಅದು ಸುದ್ದಿ ಖಬರ ಅಲ್ಲಪಾ. ಖಬರಸ್ತಾನದ ಖಬರ ಅದು. ನಾ ಈಗ ಆ ಮುದುಕನ ಜೋಡಿ ಮಾತಾಡೇನಿ. ನಮ್ಮ ಕೂಸಿಗೆ ಮಣ್ಣು ಕೊಟ್ಟಾರ."

ಪಾಂಡಪ್ಪ ಮೊದಲು ನಕ್ಕ, ಗೆಳೆಯ ಏನೋ ಚೇಷ್ಟೆ ಮಾಡುತ್ತಿದ್ದಾನೆ ಎನ್ನುವ ಹಾಗೆ. ಆಮೇಲೆ ಸುತ್ತಲಿನವರ ಮುಖ ನೋಡಿದ, ಹೆಂಡತಿಯ ಮುಖ ನೋಡಿದ.

"ನಿನ್ನ ಬಾಯಾಗ ಮಣ್ಣ ಹಾಕಲಿ!" ಎಂದು ಚೀರಿ ಫಕ್ರುಸಾಬನ ಎದೆಯ ಅಂಗಿ ಹಿಡಿದ. "ಮುಂಜಾನೆ ಕೇಳಿಸ್ತು ಅಂದೆಲ್ಲೋ? ಹೂಂ ಅಂದೆಲ್ಲೋ? ಊರ ತುಂಬ ಸಕ್ಕರಿ ಹಂಚಿದೆನಲ್ಲೋ ನಾನು! ನನ್ನ ಮಗಳ ಹೆಣದ ಸಕ್ಕರಿ ತಿಂದ್ರೆಲ್ಲೋ ಎಲ್ಲಾರೂ!" ಅಂಗಿ ಹಿಡಿದು ಅಲುಗಾಡಿಸಿದ. ಫಕ್ರುಸಾಬ ಕೈ ಎತ್ತಲಿಲ್ಲ. "ನಿಮ್ಮವರೇ ಕೊಂದು, ನೀವೇ ಬಂದು ಹೇಳ್ತೀರಿ" ಎಂದ ಪಾಂಡಪ್ಪ.

ಹೀಗೆ ಅವನು ಹುಟ್ಟಿದಾಗಿನಿಂದ ಅಂದವನಲ್ಲ. ಗೋಲಿ ಜಗಳದಲ್ಲಿ ತಲೆ ಒಡೆದುಕೊಂಡಾಗಲೂ ಅಂದಿರಲಿಲ್ಲ. ಫಕ್ರುಸಾಬನಿಗೆ ಅಂಗಿ ಹರಿದದ್ದು ತಿಳಿಯಲಿಲ್ಲ, ಆ ಮಾತು ತಿಳಿಯಿತು. ಕೊಂದವರ ಕೆಲಸ ಅಲ್ಲಿಗೇ ಮುಗಿದಿರಲಿಲ್ಲ. ಅಷ್ಟು ದೂರದಲ್ಲಿ ಹಾರಿಸಿದ ಗುಂಡು ಬೆಟಗೇರಿಯ ಈ ನಡುಮನೆಯತನಕವೂ ಬಂದು ಮುಟ್ಟಿತ್ತು.

ಮನೋಹರ ಎದ್ದುಬಂದು ಪಾಂಡಪ್ಪನ ಕೈ ಬಿಡಿಸಿದ. ಎಲ್ಲರೂ ಅಳುತ್ತಿರುವಾಗ ಏನಾದರೂ ಒಂದು ಏರ್ಪಾಡು ಮಾಡದಿದ್ದರೆ ಕೆಲವರಿಗೆ ಜೀವ ನಿಲ್ಲುವುದಿಲ್ಲ. "ಸಭಾ ಮತ್ತ ಇಡಬೇಕಾಗ್ತೈತಿ" ಎಂದ ಅವನು ಮೆಲ್ಲಗೆ. "ನಾಳಿಗೇ ಇಡೂಣು. ಸಾಬರ, ನೀವು ಮೊದಲ ಖಂಡನಾ ಮಾಡ್ರಿ. ಈಗಂತೂ ಮಾಡಲೇಬೇಕು."

"ನಾಳಿ ಯಾಕ್ರಿ?" ಎಂದ ಫಕ್ರುಸಾಬ. ಅವನ ದನಿ ಏರಿತು. "ಇಲ್ಲೇ ಮಾಡ್ತೇನಿ, ಕೇಳ್ರಿ. ಕಾಲಿಲ್ಲದ ಹುಡುಗರ ಮ್ಯಾಲ ಗುಂಡು ಹಾರಿಸಿದವರು ಅವರು. ಆ ಹುಡುಗರನ್ನ ಎತ್ತಿಕೊಂಡು ಓಡಿದ ನಮ್ಮ ಕೂಸಿನ್ನ ಹೊಡದವರು. ಯಾ ದೇವರ ಹೆಸರು ತಗೊಂಡು ಹೊಡದ್ರೋ ಆ ದೇವರು ಅವರ ಮಾರಿ ನೋಡಬಾರದು. ಅವರು ಸತ್ತ ದಿನ ಮಣ್ಣು ಕೊಡಾಕ ನಾಕು ಮಂದಿ ಸಿಗಬಾರದು. ಸಾಕೇನ್ರಿ? ಇನ್ನೂ ಬೇಕಂದ್ರ ಟಾಂಗಾಕೂಟಕ್ಕೂ ಬಂದು ಹೇಳ್ತೇನಿ, ನನಗೇನು ಅಂಜಿಕಿ ಇಲ್ಲ. ಆದ್ರ ನಿಮ್ಮವರು ನಿಮ್ಮವರು ಅನಬ್ಯಾಡ್ರಿ. ಆ ಊರಾಗ ನನ್ನವರು ಅಂತ ಯಾರರ ಇದ್ರ, ಕೂಸಿನ ಗೋರಿ ಕಾಯಾಕ ಹತ್ತಿದ ಆ ಮುದುಕ, ಸಲಿಕಿ ಹಿಡಿದ ಆ ಹೆಂಗಸರು." ಹೇಳುತ್ತ ಹೇಳುತ್ತ ನಿಜಾಮುದ್ದೀನ ಹೇಳಿದ್ದನ್ನೆಲ್ಲ ಹೇಳಿಬಿಟ್ಟ. ಗಾಡಿಯತನಕ ಬಂದು ತಿರುಗಿ ಹೋದದ್ದು, ಮತ್ತೆ ಹೋದದ್ದು, ಬಾರದೇ ಉಳಿದದ್ದು.

ಮನೋಹರ ತಲೆ ತಗ್ಗಿಸಿ ಹೊರಗೆ ಹೋದ. ಪಾಂಡಪ್ಪ ಮಗ್ಗದ ಕುಣಿಯ ಅಂಚಿಗೆ ಕುಸಿದು, ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು, ಓಣಿ ಕೇಳುವ ಹಾಗೆ ಅತ್ತ. ಫಕ್ರುಸಾಬ ಹೋಗಿ ಅವನ ಪಕ್ಕದಲ್ಲಿ ಕೂತ. ಪಾಂಡಪ್ಪ ಏಳು ಎನ್ನಲಿಲ್ಲ, ಸರಿದು ಜಾಗ ಕೊಡಲೂ ಇಲ್ಲ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಫಕ್ರುಸಾಬ ಅದನ್ನು ಕೇಳಲೂ ಇಲ್ಲ.

ಬನಶಂಕರೆವ್ವ ಮಾತ್ರ ಬಂದಾಗ ನಿಂತಲ್ಲೇ ನಿಂತಿದ್ದಳು. ಶಿಗ್ಲಿಯ ಅಕ್ಕ ಬಂದು ಅಪ್ಪಿಕೊಳ್ಳಲು ನೋಡಿದರೆ ಮೆಲ್ಲಗೆ ಬಿಡಿಸಿಕೊಂಡಳು. ಹತ್ತಿರ ಬಂದು ಫಕ್ರುಸಾಬನ ಎದುರು ನೆಲದ ಮೇಲೆ ಕೂತಳು.

"ಅಣ್ಣಾ, ಒಂದು ಮಾತು ಕೇಳ್ತೇನಿ, ಖರೇ ಹೇಳ್ರಿ."

"ಕೇಳು ತಂಗಿ."

"ಕೂಸಿನ್ನ ಕುಂಡ್ರಿಸಿ ಹುಗದಾರೋ, ಮಲಗಿಸಿ ಹುಗದಾರೋ?"

ಅಳುತ್ತಿದ್ದವರೆಲ್ಲ ಫಕ್ರುಸಾಬನ ಕಡೆ ತಿರುಗಿದರು. ಪಾಂಡಪ್ಪನೂ ತಲೆ ಎತ್ತಿದ. ಅವರ ಮನೆತನದಲ್ಲಿ ಸತ್ತವರನ್ನು ಕುಳ್ಳಿರಿಸಿ, ಹಣೆಗೆ ವಿಭೂತಿ ಹಚ್ಚಿ ಮಣ್ಣು ಮಾಡುವ ಪದ್ಧತಿ. ಮಲಗಿಸಿ ಹೂಳುವುದು ಫಕ್ರುಸಾಬನವರಲ್ಲಿ. ಕುಂಡ್ರಿಸ್ಯಾರ ತಂಗಿ, ನಿಮ್ಮ ಪದ್ಧತಿ ಪ್ರಕಾರ ಮಾಡ್ಯಾರ ಎಂದು ಅವನು ಅಂದಿದ್ದರೆ ಆ ದೂರದ ನೆಲಕ್ಕೆ ಹೋಗಿ ನೋಡಿಬರುವವರು ಯಾರೂ ಇರಲಿಲ್ಲ. ಆದರೆ ಮುಂಜಾನೆಯ ಒಂದು ಸುಳ್ಳೇ ಅವನ ಎದೆಯ ಮೇಲೆ ಕೂತಿತ್ತು.

"ಮಲಗಿಸ್ಯಾರವ್ವಾ" ಎಂದ. "ಅವರಿಗೆ ನಿಮ್ಮ ಪದ್ಧತಿ ಗೊತ್ತಿಲ್ಲ. ತಮ್ಮ ಹೆಣ್ಣುಮಕ್ಕಳನ್ನ ಹೆಂಗ ಮಲಗಸ್ತಾರೋ ಹಂಗ ಮಲಗಿಸ್ಯಾರ."

ಬನಶಂಕರೆವ್ವ ತೊಡೆಯ ಮೇಲಿನ ಬಿಳಿ ನೂಲಿನ ಗಂಟನ್ನು ಸ್ವಲ್ಪ ಹೊತ್ತು ಸವರಿದಳು.

"ಇರ್ಲಿ ಬಿಡ್ರಿ, ಚಲೋ ಆತು" ಎಂದಳು. "ಕಡೀಕ ಫೋನ್ ಮಾಡಿದಾಗ, ದಿನಾ ನಿಂತು ನಿಂತು ಸೊಂಟ ಹಿಡದೈತಿ ಯವ್ವಾ, ಒಂದಿನ ಅಡ್ಡಾಗಾಕೂ ಪುರಸೊತ್ತಿಲ್ಲ ಅಂದಿದ್ಲು. ಮಲಗಲಿ."